ಗೇರ್ ಎಣ್ಣೆಯ ತಟ್ಟೆ ಬಿಚ್ಚಿದ ಭಾನುವಾರ

ನನಗೆ ಹೇಸಿಗೆ ಬಹಳ ಬೇಗ ಆಗುತ್ತದೆ. ಜಿಡ್ಡು ಹತ್ತಿದ ಚಮಚ, ಒದ್ದೆ ಕಾಲೊರಸು, ಯಾರದೋ ಕೂದಲು ಸಿಕ್ಕಿಕೊಂಡ ಬಾಚಣಿಗೆ ಕಂಡರೆ ಸಾಕು, ಗಂಟಲಿಗೆ ಏನೋ ಬಂದು ನಿಲ್ಲುತ್ತದೆ. ಮನೆಯವರಿಗೆ ಇದೊಂದು ತಮಾಷೆ, ಯಾಕೆಂದರೆ ನನ್ನ ಹೊಟ್ಟೆಪಾಡೇ ಹೊಲಸಿನದು. ಚಿಕ್ಕೋಡಿಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ, ಮೂತ್ರ, ಮಲ, ಕಫ ಪರೀಕ್ಷೆ ಮಾಡುವವಳು ನಾನು. ಆದರೆ ಅಲ್ಲಿ ಪ್ರತಿಯೊಂದು ಹೊಲಸಿಗೂ ಒಂದು ಡಬ್ಬಿ ಇರುತ್ತದೆ, ಡಬ್ಬಿಗೊಂದು ಮುಚ್ಚಳ ಇರುತ್ತದೆ, ಮೇಲೆ ಹೆಸರು ಬರೆದಿರುತ್ತದೆ. ಮುಚ್ಚಳ ಹಾಕಿದ ಹೊಲಸಿನ ಮೇಲೆ ನನ್ನ ತಕರಾರು ಏನೂ ಇಲ್ಲ. ನನ್ನ ಜಗಳವೆಲ್ಲ ಮುಚ್ಚಳವಿಲ್ಲದೆ ಮನೆಯೊಳಗೆ ಓಡಾಡುವ ಹೊಲಸಿನ ಜೊತೆ.

ಅಂಥವಳು ಒಂದು ಭಾನುವಾರ ನಮ್ಮದೇ ಅಂಗಳದಲ್ಲಿ, ನನ್ನದೇ ಕಾರಿನ ಕೆಳಗೆ ಅಂಗಾತ ಮಲಗಿ, ಸುಟ್ಟ ಎಣ್ಣೆಯನ್ನು ತಲೆಯ ಮೇಲೆ ಸುರುವಿಕೊಂಡೆ.

ಯಾಕೆ ಅಂತ ಹೇಳಬೇಕೆಂದರೆ ನನ್ನ ಎಡಗಾಲಿನಿಂದ ಶುರು ಮಾಡಬೇಕು. ಅದು ಹುಟ್ಟಿದಾಗಿನಿಂದ ಸಣ್ಣದು. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಆದರೆ ಕ್ಲಚ್ ಒತ್ತುವ ಶಕ್ತಿ ಅದಕ್ಕಿಲ್ಲ. ಕ್ಲಚ್ಚೇ ಇಲ್ಲದ, ಗೇರು ತಾನಾಗಿಯೇ ಬೀಳುವ ಕಾರು ಇರುತ್ತದೆ ಎಂದು ತಿಳಿದ ಮೇಲೆ ಪುಣೆಯಿಂದ ಒಂದು ಹಳೆಯದನ್ನು ತರಿಸಿಕೊಂಡೆ. ನಮ್ಮೂರು ಯಡೂರಿನ ಹತ್ತಿರ, ಕೃಷ್ಣಾ ಹೊಳೆಯ ದಂಡೆಗೆ. ಅಲ್ಲಿಂದ ಅಂಕಲಿ ದಾಟಿ ಚಿಕ್ಕೋಡಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬೆಳಿಗ್ಗೆಯೇ ಬಂದು ಲ್ಯಾಬಿನ ಬಾಗಿಲಲ್ಲಿ ಕೂತಿರುತ್ತಾರೆ. ನಾನು ತಡವಾದರೆ ಅವರಿಗೆ ಚಹಾ ಇಲ್ಲ. ಸಂಜೆ ನಾನು ತಡವಾದರೆ ನನಗೆ ಊಟ ಇಲ್ಲ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನೀರು ಬಿಟ್ಟು ಬಾಯಿಗೆ ಏನೂ ಹಾಕುವುದಿಲ್ಲ. ಬೇರೆ ಮನೆಗಳಲ್ಲಿ ಈಗ ನಡೆಯುತ್ತದೆ, ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಕಾರು ಬಂದ ಮೇಲೆ ಬೆಳಿಗ್ಗೆ ಯಾರನ್ನೂ ಎಬ್ಬಿಸದೆ ಹೋಗಿ, ಸಂಜೆ ಬಿಸಿಲು ಇರುವಾಗಲೇ ಬಂದು ಉಣ್ಣುತ್ತಿದ್ದೆ. ಇದಕ್ಕಿಂತ ದೊಡ್ಡ ಸುಖವನ್ನು ನಾನು ಕೇಳಿದವಳಲ್ಲ.

ಈ ವರ್ಷ ಕಬ್ಬು ಕಡಿಯುವ ದಿನಗಳಲ್ಲಿ ಕಾರು ಕೈ ಕೊಟ್ಟಿತು. ಗೇರು ಹಾಕಿದರೆ ಎಂಜಿನ್ ಒದರುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಿಂದಿನಿಂದ ಯಾರೋ ಒದ್ದ ಹಾಗೆ ಮುಂದೆ ಜಿಗಿಯುತ್ತದೆ. ಒಂದು ದಿನ ಅಂಕಲಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಬರುತ್ತಿರುವಾಗ ಅಡ್ಡಡ್ಡ ನಿಂತುಬಿಟ್ಟಿತು. ಆ ದಿನದಿಂದ ಕಾರು ಅಂಗಳ ಬಿಟ್ಟು ಕದಲಲಿಲ್ಲ.

ನಮ್ಮವರು, ಅಂದರೆ ನನ್ನ ಗಂಡ, ದಿನಾ ಮೋಟರ್‌ಸೈಕಲ್ ಮೇಲೆ ಬಿಟ್ಟು ಬರತೊಡಗಿದರು. ಪಾಪ, ಒಂದು ದಿನವೂ ಗೊಣಗಲಿಲ್ಲ. ಆದರೆ ಅವರಿಗೆ ಹೊಲ ಇದೆ, ಎಮ್ಮೆ ಇವೆ, ಸಂಜೆ ಊರಿನ ಡೈರಿಯಲ್ಲಿ ಹಾಲು ಅಳೆದುಕೊಳ್ಳುವ ಕೆಲಸ ಇದೆ. ಹಾಲು ಮುಗಿಸಿ ಅವರು ಚಿಕ್ಕೋಡಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಬಸ್ಸಿಗೆ ಬಂದರೂ ಅದೇ ಕಥೆ. ಎಷ್ಟೋ ಸಂಜೆ ನಾನು ಮನೆಗೆ ಬಂದು, ಮುಖ ತೊಳೆದು, ಏನೂ ತಿನ್ನದೆ ಮಲಗಿದ್ದೇನೆ. ಮುಚ್ಚಿಟ್ಟ ರೊಟ್ಟಿಯ ವಾಸನೆ ಪಡಸಾಲೆಯವರೆಗೆ ಬರುತ್ತಿತ್ತು. ಅತ್ತೆ ಲೊಚಗುಟ್ಟಿ ಪಾತ್ರೆಗಳನ್ನು ಎತ್ತಿಡುತ್ತಿದ್ದರು.

ನಿಪ್ಪಾಣಿಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆವು. ಅವನು ಬಾನೆಟ್ ತೆಗೆದು ನೋಡಿ, ಗೇರ್ ಎಣ್ಣೆ ಅಳೆಯುವ ಕಡ್ಡಿಗೆ ಹತ್ತಿದ ಎಣ್ಣೆಯನ್ನು ಮೂಸಿ, ಮುಖ ಸೊಟ್ಟ ಮಾಡಿದ.

"ಅಕ್ಕಾರ, ಕ್ಲಚ್ ಇದ್ದ ಗಾಡಿ ತರ್ರಿ, ಕಣ್ಣ ಮುಚ್ಚಿ ಬಿಚ್ಚತೀನಿ. ಆಟೋಮ್ಯಾಟಿಕ್‌ಗೆ ನಾ ಕೈ ಹಚ್ಚಂಗಿಲ್ರಿ. ಕೊಲ್ಲಾಪುರಕ್ಕ ಒಯ್ರಿ. ಮೊದಲ ಚೇಂಬರ್ ಇಳಸಿ ಫಿಲ್ಟರ್ ನೋಡಸ್ರಿ, ಎಣ್ಣಿ ಸುಟ್ಟೈತಿ."

ಚೇಂಬರ್ ಎಂದರೆ ಗೇರ್‌ಬಾಕ್ಸಿನ ತಳಕ್ಕೆ ಸುತ್ತಲೂ ಬೋಲ್ಟು ಹಾಕಿ ಬಿಗಿದ ಎಣ್ಣೆಯ ತಟ್ಟೆ. ಅದರ ಮೇಲ್ಗಡೆ ಫಿಲ್ಟರ್ ಇರುತ್ತದೆ. ಎಣ್ಣೆ ಅದರ ಮೂಲಕ ಹಾಯ್ದು ಗೇರಿಗೆ ಹೋಗಬೇಕು.

ನನಗೆ ಆಶ್ಚರ್ಯವಾಯಿತು. ದೀಪಾವಳಿ ಹೊತ್ತಿಗೆ ಆ ಎಣ್ಣೆ ಬದಲಾಯಿಸಬೇಕೆಂದು ನಾನೇ ಹೇಳಿದ್ದೆ. ನಾನು ತೆಲಸಂಗದಲ್ಲಿರುವ ಅಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ನಮ್ಮವರು ಆ ಕೆಲಸ ಮುಗಿಸಿಟ್ಟಿದ್ದರು. ಅಷ್ಟು ಬೇಗ ಸುಡುವುದು ಹೇಗೆ ಎಂದು ಅವರನ್ನೇ ಕೇಳಿದೆ.

"ಹಳೀ ಗಾಡಿ, ಏನ ಹೇಳಾಕ ಬರ್ತೈತಿ," ಎಂದರು. "ಮಾರಿಬಿಡೂಣು. ಅಥಣಿ ಕಡೆಯಂವ ಒಬ್ಬ ಕೇಳಾಕತ್ತಾನ, ಸೋಮವಾರ ಬಂದು ಎಳಕೊಂಡ ಹೋಗ್ತಾನಂತ. ದಿನಾ ಬಿಡಾಕ ನಾ ಅದೀನಲ್ಲ."

ನಾ ಅದೀನಲ್ಲ. ಈ ಮಾತನ್ನು ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ ಸಿಟ್ಟು ಮಾಡಲು ಜಾಗವೇ ಇರಲಿಲ್ಲ. ಆದರೂ ನನಗೆ ಬಂತು. ಆ ಕಾರು ಅಂಗಳದಿಂದ ಹೋದರೆ ಇನ್ನೊಂದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನು ಮೇಲೆ ನನ್ನ ಬೆಳಿಗ್ಗೆ, ನನ್ನ ಊಟ, ಎಲ್ಲ ಎಮ್ಮೆಗಳ ಹಾಲಿನ ಮೇಲೆ. ಹೊಸ ಫಿಲ್ಟರು, ತಟ್ಟೆಯ ಅಂಚು ಸೋರದಂತೆ ಕೂರಿಸುವ ರಬ್ಬರಿನ ಪ್ಯಾಕಿಂಗು, ಅದಕ್ಕೆ ಹೊಂದುವ ಕೆಂಪು ಎಣ್ಣೆ ಮೂರನ್ನೂ ಕೊಲ್ಲಾಪುರದಿಂದ ತರಿಸಿದೆ. ಸೋಮವಾರ ಗಿರಾಕಿ ಬರುವ ಮೊದಲು, ಭಾನುವಾರ ನಾನೇ ಬಿಚ್ಚುತ್ತೇನೆ ಎಂದೆ.

"ಹುಡುಗಾಟ ಏನು ಇದು? ಅಂಗಳದಾಗ ಗೇರ್‌ಬಾಕ್ಸ್ ಬಿಚ್ಚತಾರ?"

"ಗೇರ್‌ಬಾಕ್ಸ್ ಅಲ್ರಿ, ತಳದ ತಟ್ಟಿ. ನೀವು ಗಾಡಿ ಎತ್ತಿ ಕೊಡ್ರಿ ಸಾಕು."

ಎತ್ತುವ ಕೆಲಸಕ್ಕೆ ಅವರು ಟ್ರ್ಯಾಕ್ಟರಿನ ಜಾಕು ಮತ್ತು ಎಂಟ್ಹತ್ತು ಇಟ್ಟಂಗಿ ತಂದರು. ನಮ್ಮ ಕಡೆ ಯಾವ ಗಾಡಿ ಎತ್ತಿದರೂ ಕೆಳಗೆ ಇಟ್ಟಂಗಿಯೇ. ಅದರ ಮೇಲೆ ಸಾವಿರ ಕಿಲೋ ಕಬ್ಬಿಣ ಕೂರಿಸಿ ಕೆಳಗೆ ಮನುಷ್ಯ ತೂರಿಕೊಳ್ಳುತ್ತಾನೆ. ಇಟ್ಟಂಗಿ ಒಡೆಯುವಾಗ ಹೇಳಿ ಒಡೆಯುವುದಿಲ್ಲ. ನಾನು ಒಲ್ಲೆ ಎಂದು ಹಟ ಹಿಡಿದು, ಅಂಕಲಿಯ ಟೈರ್ ಅಂಗಡಿಯಿಂದ ನಾಲ್ಕು ಘೋಡಿ ಬಾಡಿಗೆಗೆ ತರಿಸಿದ್ದೆ. ಘೋಡಿ ಎಂದರೆ ಗಾಡಿಯ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡು. ಗೋವಿನಜೋಳ ಒಣಗಿಸುವ ಸಿಮೆಂಟಿನ ಕಣದ ಮೇಲೆ ಗಾಡಿ ತಳ್ಳಿ ನಿಲ್ಲಿಸಿದೆವು, ಅಲ್ಲಿ ನೆಲ ಸಮ ಇದೆ. ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಮುಂದೆ ಎತ್ತಿ ಎರಡು ಘೋಡಿ, ಹಿಂದೆ ಎತ್ತಿ ಎರಡು ಘೋಡಿ ಇಟ್ಟು, ಕೆಳಗೆ ಹೋಗುವ ಮೊದಲು ಗಾಡಿಯನ್ನು ಹೊರಗಿನಿಂದ ಜೋರಾಗಿ ಅಲುಗಾಡಿಸಿ ನೋಡಿದೆ. ಕದಲಲಿಲ್ಲ. ನಮ್ಮವರು ತಲೆ ಅಲ್ಲಾಡಿಸುತ್ತ ಎಮ್ಮೆಗೆ ಮೇವು ತರಲು ಹೊಲಕ್ಕೆ ಹೊರಟುಹೋದರು.

ಗಾಡಿಯ ಕೆಳಗೆ ಮಲಗಲು ಎರಡೂ ಕಾಲು ಸಮ ಇರಬೇಕೆಂದೇನಿಲ್ಲ. ರಟ್ಟು ಹಾಸಿಕೊಂಡು, ಲ್ಯಾಬಿನ ಕೈಗವಸು, ಕನ್ನಡಕ, ಹಳೆಯ ನೈಟಿಯ ಮೇಲೆ ನಮ್ಮವರ ಶರ್ಟು ಹಾಕಿಕೊಂಡು ಒಳಗೆ ಸರಿದೆ.

ಹೇಸಿಗೆ ಅಲ್ಲಿಂದಲೇ ಶುರುವಾಯಿತು. ಮೇಲಿನಿಂದ ದಿನಾ ಒರೆಸಿ ಇಡುತ್ತಿದ್ದ ನನ್ನ ಕಾರಿನ ಹೊಟ್ಟೆಯ ಕೆಳಗೆ ಇಷ್ಟೆಲ್ಲ ಇರುತ್ತದೆಂದು ನನಗೆ ತಿಳಿದಿರಲಿಲ್ಲ. ಹೊಳೆದಂಡೆಯ ಕರಿಮಣ್ಣು ಎಣ್ಣೆ ಕುಡಿದು ಗಟ್ಟಿಯಾಗಿ ಕೂತಿತ್ತು, ಅದರಲ್ಲಿ ಕಬ್ಬಿನ ಒಣ ಎಲೆ ಸಿಕ್ಕಿಕೊಂಡಿತ್ತು. ಯಾವುದೋ ಕೋಳಿಯ ಪುಕ್ಕ ಇತ್ತು. ಒಂದು ಮೂಲೆಯಲ್ಲಿ ಹಲ್ಲಿಯೊಂದು ಸತ್ತು, ಒಣಗಿ, ನಾಲ್ಕೂ ಕಾಲು ಅಗಲಿಸಿಕೊಂಡು ನನ್ನ ಮೂಗಿನ ಮೇಲೆ ಗೇಣು ದೂರದಲ್ಲಿ ಅಂಟಿಕೊಂಡಿತ್ತು. ಅದನ್ನು ಚಿಮಟದಿಂದ ಎಬ್ಬಿಸಿ ತೆಗೆಯುವಾಗ ಬಾಲ ಮುರಿದು ನನ್ನ ಕತ್ತಿನ ಮೇಲೆ ಬಿತ್ತು. ನಾನು ಅಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ, "ಏನಾತ ಯವ್ವಾ?" ಎಂದರು.

"ಏನಿಲ್ರಿ ಅತ್ತೀ."

ಗಾರೆ ಹೊರುವ ಕಬ್ಬಿಣದ ಬುಟ್ಟಿಯನ್ನು ತಟ್ಟೆಯ ಕೆಳಗಿಟ್ಟು, ಮೊದಲು ತಳದ ಬೋಲ್ಟು ತೆಗೆದೆ. ಬಿಸಿ ಇದ್ದಾಗ ತೆಗೆದರೆ ಕೈ ಬೇಯುತ್ತದೆ, ಅದಕ್ಕೇ ಎಂಜಿನ್ನನ್ನು ಹಿಂದಿನ ದಿನದಿಂದ ಮುಟ್ಟಿರಲಿಲ್ಲ. ಕೆಂಪಗಿರಬೇಕಾದ ಎಣ್ಣೆ ಕಂದು ಬಣ್ಣದಲ್ಲಿ ಸುರಿಯಿತು. ತಳ ಹತ್ತಿದ ಬೆಲ್ಲದ ಪಾಕಕ್ಕೆ ಸೀಮೆಎಣ್ಣೆ ಸುರಿದರೆ ಬರುವಂಥ ವಾಸನೆ. ಮೂಗಿನಿಂದ ಉಸಿರೆಳೆಯುವುದನ್ನೇ ನಿಲ್ಲಿಸಿ ಬಾಯಿಂದ ಉಸಿರಾಡಿದೆ, ಆಮೇಲೆ ಅದು ನಾಲಿಗೆಗೂ ಹತ್ತಿದ ಹಾಗಾಯಿತು. ಹೊರಗೆ ಬಂದು ತುಳಸಿ ಕಟ್ಟೆಯ ಆಚೆ ಹೋಗಿ ಉಗುಳಿ ಬಂದೆ.

ಬುಟ್ಟಿ ಬದಲಿಸಿ, ಪಾನಾ ಹಿಡಿದು ಸುತ್ತಲಿನ ಬೋಲ್ಟುಗಳನ್ನು ಸಡಿಲಿಸತೊಡಗಿದೆ. ಇದರಲ್ಲಿ ಒಂದು ಉಪಾಯ ಇದೆ. ಎಲ್ಲವನ್ನೂ ಒಮ್ಮೆಲೆ ತೆಗೆದರೆ ತಳದಲ್ಲಿ ಉಳಿದ ಎಣ್ಣೆ ತಟ್ಟೆಯ ಸಮೇತ ಎದೆಯ ಮೇಲೆ ಬರುತ್ತದೆ. ಒಂದು ಬದಿಯವನ್ನು ಸ್ವಲ್ಪವೇ ಸಡಿಲಿಸಿ ಬಿಟ್ಟು, ಇನ್ನೊಂದು ಬದಿಯವನ್ನು ಪೂರ್ತಿ ತೆಗೆಯಬೇಕು. ಆಗ ತಟ್ಟೆ ಆ ಬದಿಗೆ ವಾಲಿ ಎಣ್ಣೆ ಬುಟ್ಟಿಗೆ ಇಳಿಯುತ್ತದೆ. ನಾನು ಹಾಗೆಯೇ ಮಾಡಿದೆ. ತಟ್ಟೆ ವಾಲಲಿಲ್ಲ, ಹಳೆಯ ಪ್ಯಾಕಿಂಗು ಬೆಂದು ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬಾರದು, ಮೇಲಿನ ಲೋಹಕ್ಕೆ ಗೀರು ಬಿದ್ದರೆ ಜನ್ಮಪೂರ್ತಿ ಸೋರುತ್ತದೆ. ರಬ್ಬರಿನ ಸುತ್ತಿಗೆಯಿಂದ ಬದಿಗೆ ಮೆಲ್ಲಗೆ ತಟ್ಟಿದೆ, ಇನ್ನೊಮ್ಮೆ ತಟ್ಟಿದೆ. ಒಮ್ಮೆಲೆ ಅದು ಬಾಯಿ ಬಿಟ್ಟಿತು. ಬುಟ್ಟಿ ಇದ್ದದ್ದು ಬಲಕ್ಕೆ, ಎಣ್ಣೆ ಬಂದದ್ದು ಎಡಕ್ಕೆ. ತಣ್ಣಗೆ ಮೊಣಕೈಯಿಂದ ಕಂಕುಳಿಗೆ ಇಳಿಯಿತು, ಕಿವಿಯ ಹಿಂದೆ ಹೋಯಿತು, ಜಡೆಯೊಳಗೆ ಸೇರಿತು. ಕಣ್ಣಿಗೆ ಕನ್ನಡಕ ಇತ್ತು, ಅದೊಂದು ಪುಣ್ಯ. ಮೈಯೆಲ್ಲ ಜುಂ ಅಂದಿತು. ಒಂದು ಕ್ಷಣ ಎಲ್ಲ ಬಿಟ್ಟು ಎದ್ದುಹೋಗಿ ಗಾಡಿಯನ್ನು ಅಥಣಿಯವನಿಗೆ ಕೊಟ್ಟುಬಿಡಬೇಕು ಅನ್ನಿಸಿತು. ಆದರೆ ತಟ್ಟೆ ಕೈಯಲ್ಲಿತ್ತು, ಅದನ್ನು ಇಡದೆ ಏಳುವಂತಿರಲಿಲ್ಲ.

ತಟ್ಟೆಯನ್ನು ಹೊರಗೆ ತಂದು ಬಿಸಿಲಿಗೆ ಹಿಡಿದೆ. ತಳದಲ್ಲಿ ಎರಡು ಚಿಕ್ಕ ಅಯಸ್ಕಾಂತ, ಅವುಗಳ ಮೇಲೆ ಬೂದು ಬಣ್ಣದ ನುಣ್ಣನೆಯ ರಾಡಿ. ಅದು ಇರುವಂಥದೇ, ಸವೆದ ಲೋಹದ ಪುಡಿ. ಚೂಪು ಚೂರುಗಳಿದ್ದರೆ ಗೇರ್‌ಬಾಕ್ಸ್ ಸತ್ತಿತೆಂದು ಲೆಕ್ಕ. ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದೆ, ಚೂರು ಒಂದೂ ಇರಲಿಲ್ಲ. ಖುಷಿಗೆ ಹೇಸಿಗೆ ಮರೆತೇಹೋಯಿತು.

ಮತ್ತೆ ಒಳಗೆ ಹೋಗಿ ಫಿಲ್ಟರ್ ಕಿತ್ತು ತಂದೆ. ಅದರ ಬಾಯಿಯ ಜಾಲರಿಯ ತುಂಬ ಏನೋ ಮೆತ್ತಿಕೊಂಡಿತ್ತು. ಮೊದಲು ಕೂದಲು ಅಂದುಕೊಂಡೆ. ಚಿಮಟದಿಂದ ಎಳೆದೆ. ಎಳೆಎಳೆಯಾಗಿ, ಮುದ್ದೆಮುದ್ದೆಯಾಗಿ ಬಂತು. ಕೂದಲಲ್ಲ. ಮಲದ ಡಬ್ಬಿಯಲ್ಲಿ, ಮೂತ್ರದಲ್ಲಿ, ಬಟ್ಟೆಯಿಂದ ಬಿದ್ದ ಎಳೆಗಳನ್ನು ನಾನು ದಿನಾ ಮೈಕ್ರೋಸ್ಕೋಪಿನ ಕೆಳಗೆ ನೋಡುತ್ತೇನೆ. ಇದು ಹತ್ತಿಯ ನೂಲು. ಎಣ್ಣೆ ಒಳಗೆ ಹೋಗುವ ದಾರಿಯನ್ನೇ ಕಟ್ಟಿಬಿಟ್ಟಿತ್ತು. ಎಣ್ಣೆ ಸಿಗದ ಗೇರು ಹಿಡಿಯುವುದು ಎಲ್ಲಿಂದ ಬಂತು? ಆದರೆ ಸುತ್ತಲೂ ಬೋಲ್ಟು ಬಿಗಿದ ಪೆಟ್ಟಿಗೆಯೊಳಗೆ ನೂಲು ಹೇಗೆ ಹೋಯಿತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಅತ್ತೆ ಕಟ್ಟೆಯಿಂದ ಕೂಗಿದರು. "ಯವ್ವಾ, ಆ ಬುಟ್ಟಿ ಮುಚ್ಚ ಮೊದಲ. ಇರಿವಿ ಬೀಳ್ತಾವ, ನೊಣಾ ಬೀಳ್ತಾವ. ಸುಮ್ಮಸುಮ್ನ ಜೀವಾ ಹೋಗ್ತಾವ ಅದರಾಗ."

ಅತ್ತೆ ಉರಿಯುವ ದೀಪಕ್ಕೂ ಮುಚ್ಚಳ ಹುಡುಕುವವರು. ನನ್ನ ಕೈ ಗಲೀಜಾಗಿದೆ ಎಂದೆ. ಅವರೇ ಎದ್ದು ಒಳಗೆ ಹೋಗಿ ಒಂದು ಬಟ್ಟೆ ತಂದು ಬುಟ್ಟಿಯ ಮೇಲೆ ಹರವಿದರು. ಮಾವನವರ ಕಾಲದ ಧೋತರದ ತುಂಡು, ಸವೆದು ಜಾಳಾಗಿತ್ತು. ನಡುವೆ ತಟ್ಟೆಯಗಲದ ಕೆಂಗಂದು ಕಲೆ.

"ಇದು ಯಾವ ಅರಿವೀರಿ ಅತ್ತೀ?"

"ಯಾವುದಂದ್ರ? ನಿನ್ನ ಗಾಡಿ ಎಣ್ಣಿ ಸೋಸಿದ್ದು. ನೀ ತೆಲಸಂಗಕ್ಕ ಹೋದಾಗ ಅಂವ ಎಲ್ಲಾ ಇಳಿಸಿ, ನಾಕ ಪದರ ಮಾಡಿ ಇದರಾಗ ಸೋಸಿ, ಮತ್ತ ಒಳಗ ಹಾಕಿದ. ಎಷ್ಟ ಒಗದ್ರೂ ಕಲಿ ಹೋಗಲಿಲ್ಲ ನೋಡ."

ನಮ್ಮ ಮನೆಯಲ್ಲಿ ಸೋಸದೆ ಏನನ್ನೂ ಬಳಸುವುದಿಲ್ಲ. ಬಾವಿಯ ನೀರು ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿದ ಮೇಲೆಯೇ ಹಂಡೆಗೆ, ಆ ಬಟ್ಟೆಯಲ್ಲಿ ಉಳಿದದ್ದು ಜೀವ ಉಳಿಯಲೆಂದು ಮತ್ತೆ ಬಾವಿಗೆ. ಹಾಲು ಸೋಸುತ್ತೇವೆ, ಕಬ್ಬಿನ ಹಾಲು ಸೋಸುತ್ತೇವೆ, ಅಡುಗೆಯ ಎಣ್ಣೆಯನ್ನೂ ಸೋಸುತ್ತೇವೆ. ಬಟ್ಟೆಯಿಂದ ಹಾಯ್ದು ಬಂದದ್ದು ಸ್ವಚ್ಛ ಎಂಬುದರಲ್ಲಿ ಈ ಮನೆಯ ಯಾರಿಗೂ ಅನುಮಾನವಿಲ್ಲ. ನಮ್ಮವರು ಕಾರಿನ ಎಣ್ಣೆಗೂ ಅದೇ ನ್ಯಾಯ ಹಚ್ಚಿದ್ದರು. ಧೋತರ ಕಸವನ್ನು ಹಿಡಿದು ತನ್ನ ನೂಲನ್ನು ಬಿಟ್ಟುಕೊಟ್ಟಿತ್ತು.

ನಿಜ ಹೇಳುತ್ತೇನೆ, ನನಗೆ ಮೊದಲು ನಗು ಬಂತು. ಇಂಥ ಶುದ್ಧ ಮೂರ್ಖತನ ನಮ್ಮ ಮನೆಯಲ್ಲಿ ಬಿಟ್ಟು ಬೇರೆಲ್ಲೂ ನಡೆಯಲಾರದು. ಹೊಸ ಎಣ್ಣೆ ಚಿಕ್ಕೋಡಿಯಲ್ಲಿ ಸಿಕ್ಕಿರಲಿಕ್ಕಿಲ್ಲ, ಸೋಸಿ ಹಾಕಿದ್ದಾರೆ. ಅದನ್ನು ಕ್ಷಮಿಸಿಬಿಡಬಹುದಿತ್ತು.

ಆದರೆ ಅತ್ತೆ ಅವರೆಕಾಯಿಯ ಮುಂದೆ ಮತ್ತೆ ಕೂರುತ್ತ ಅಂದರು, "ಗಾಡಿ ನಿಂತ ದಿನಾನ ನಾ ಅಂದ್ನಿ, ಆ ಸೋಸಿದ್ದ ಎಣ್ಣೀದ ಇರಬೇಕು, ಆಕೀಗೆ ಹೇಳಿಬಿಡು ಅಂತ. ಅಂವನೂ ಹೂಂ ಅಂದ. ಹೇಳಿರಬೇಕಲ್ಲ?"

ಕೈಯಲ್ಲಿದ್ದ ನೂಲಿನ ಮುದ್ದೆ ಹನಿಹನಿ ಸೋರುತ್ತಿತ್ತು.

ಮೇವಿನ ಹೊರೆ ಹೊತ್ತುಕೊಂಡು ನಮ್ಮವರು ಬಂದಾಗ ತಟ್ಟೆ, ಫಿಲ್ಟರು, ಧೋತರ ಮೂರನ್ನೂ ಕಣದ ಮೇಲೆ ಸಾಲಾಗಿ ಇಟ್ಟಿದ್ದೆ. ಅವರು ನೋಡಿದರು. ಹೊರೆ ಇಳಿಸಿದರು.

"ಗೊತ್ತಿತ್ತೇನ್ರಿ ನಿಮಗ?"

"ಹಂಗಲ್ಲ..."

"ಗೊತ್ತಿತ್ತೋ ಇಲ್ಲೋ ಅಷ್ಟ ಹೇಳ್ರಿ."

"ಅನುಮಾನ ಇತ್ತು." ತಲೆಯ ಟವಲ್ ತೆಗೆದು ಕೈ ಒರೆಸಿಕೊಂಡರು. ಕೈಗೆ ಏನೂ ಹತ್ತಿರಲಿಲ್ಲ. "ಹೇಳಬೇಕಂತಿದ್ನಿ. ಆದ್ರ ನೀ ದಿನಾ ಹಿಂದ ಕುಂತ ಲ್ಯಾಬಿನ ಸುದ್ದಿ ಎಲ್ಲಾ ಹೇಳ್ಕೊಂತ ಬರ್ತಿದ್ದಿ. ಭುಜದ ಮ್ಯಾಲ ಕೈ ಇಟ್ಟ ಕುಂಡ್ರತಿದ್ದಿ. ಕಾರ ಬಂದಮ್ಯಾಲ ನೀ ಎದ್ದ ಹೋಗೂದ ನನಗ ಗೊತ್ತಾಗ್ತಿದ್ದಿಲ್ಲ. ಇರಲಿ ಅನಸ್ತು."

ಇದನ್ನು ಓದುವವರಿಗೆ ಕರುಳು ಚುರ್ ಅನ್ನಬಹುದು. ನನಗೂ ಅಂದಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದರ ಬೆನ್ನಿಗೇ ಹೊಟ್ಟೆಯಿಂದ ಎದ್ದು ಬಂದದ್ದು ಹೇಸಿಗೆ. ಇವರಿಗೆ ಇರಲಿ ಅನಿಸಿದ ಅಷ್ಟೂ ಸಂಜೆ ನಾನು ಹಸಿದು ಮಲಗಿದ್ದೆ. ಪಕ್ಕದಲ್ಲಿ ಮಲಗಿದ ಇವರಿಗೆ ನನ್ನ ಹೊಟ್ಟೆ ಗುರುಗುಟ್ಟುವುದು ಕೇಳುತ್ತಿತ್ತು. ಒಮ್ಮೆ, "ನೀರರ ಕುಡದ ಮಲಗಬೇಕಿತ್ತು" ಎಂದು ಮರುಗಿದ್ದರು ಕೂಡ. ನಾನು ಭುಜದ ಮೇಲೆ ಕೈ ಇಟ್ಟದ್ದು ಬೀಳಬಾರದೆಂದು. ಆ ಕೈಯನ್ನು ಇವರು ಇಷ್ಟು ದಿನ ಏನೆಂದು ತಿಳಿದುಕೊಂಡಿದ್ದರೋ ನೆನೆದು ಭುಜದಿಂದ ಬೆರಳಿನವರೆಗೆ ತಿಕ್ಕಿ ತೊಳೆಯಬೇಕು ಅನ್ನಿಸಿತು.

"ಸೋಮವಾರ ಯಾರೂ ಬರೂದ ಬ್ಯಾಡ ಅಂತ ಫೋನ್ ಮಾಡ್ರಿ," ಎಂದಷ್ಟೇ ಹೇಳಿ ಮತ್ತೆ ಗಾಡಿಯ ಕೆಳಗೆ ಹೋದೆ.

ಉಳಿದ ಕೆಲಸ ಬೇಸರದ್ದು. ಹಳೆಯ ಪ್ಯಾಕಿಂಗನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದೆ, ತಟ್ಟೆ ತೊಳೆದು ಬಿಸಿಲಿಗೆ ಒಣಗಿಸಿದೆ. ಬಟ್ಟೆಯಿಂದ ಒರೆಸಲಿಲ್ಲ. ಹೊಸ ಫಿಲ್ಟರ್ ಕೂರಿಸಿ, ಎಲ್ಲ ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ಪಾನಾದಿಂದ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ. ಸಿಟ್ಟಿನಲ್ಲಿ ಜಾಸ್ತಿ ಬಿಗಿದರೆ ಪ್ಯಾಕಿಂಗು ಹಿಸುಕಿಹೋಗುತ್ತದೆ, ಅದಕ್ಕೇ ಸಿಟ್ಟನ್ನು ಬದಿಗಿಟ್ಟೆ. ಗಾಡಿ ಇಳಿಸಿ, ಕೆಂಪು ಎಣ್ಣೆ ಹಾಕಿ, ಎಂಜಿನ್ ಶುರು ಮಾಡಿ, ಬ್ರೇಕು ಒತ್ತಿ ಹಿಡಿದು ಒಂದೊಂದೇ ಗೇರು ಬದಲಿಸಿ, ಮತ್ತೆ ಕಡ್ಡಿ ನೋಡಿ ಕಮ್ಮಿ ಇದ್ದಷ್ಟು ತುಂಬಿದೆ. ಆಮೇಲೆ ಬ್ರೇಕ್ ಬಿಟ್ಟೆ. ಒದೆತ ಇಲ್ಲ, ಜಿಗಿತ ಇಲ್ಲ. ಕಣದ ಮೇಲೆ ಗಾಡಿ ಮೆತ್ತಗೆ ಸರಿಯಿತು. ಸ್ಟೇರಿಂಗ್ ಹಿಡಿದುಕೊಂಡು ಒಬ್ಬಳೇ ಅತ್ತುಬಿಟ್ಟೆ.

ಶೀಗೆಕಾಯಿ ಹಾಕಿ ಎಷ್ಟು ತಿಕ್ಕಿದರೂ ಜಡೆಯ ವಾಸನೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಾರು ಶುರು ಮಾಡುವ ಹೊತ್ತಿಗೆ ನಮ್ಮವರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಕಾರು ಬಂದಾಗಿನಿಂದ ಅವರು ಅದರಲ್ಲಿ ನನ್ನ ಪಕ್ಕ ಕೂತವರಲ್ಲ, ಹೆಂಡತಿ ಗಾಡಿ ಓಡಿಸುವಾಗ ಗಂಡ ಪಕ್ಕದಲ್ಲಿ ಕೂತರೆ ಊರು ನಗುತ್ತದೆ ಎನ್ನುತ್ತಿದ್ದರು. ಈಗ ಕಿಟಕಿಗೆ ಬಗ್ಗಿ ಕೇಳಿದರು.

"ನಾನೂ ಬರ್ಲೇನು? ಅಂಕಲಿ ತನಕ. ಆ ಘೋಡಿ ವಾಪಸ್ ಕೊಟ್ಟ, ಬಸ್ಸಿಗೆ ಬರ್ತೀನಿ."

ಹೂಂ ಅನ್ನಲು ಬಾಯಿಯವರೆಗೆ ಬಂದಿತ್ತು.

"ಬ್ಯಾಡ್ರಿ," ಎಂದೆ. "ಘೋಡಿ ಹಿಂದಿನ ಸೀಟಿನ್ಯಾಗ ಇಡ್ರಿ, ನಾ ಕೊಡ್ತೀನಿ."

ಅವರು ನಾಲ್ಕನ್ನೂ ಎತ್ತಿಟ್ಟು, ಹೋಗಿ ಗೇಟು ತೆಗೆದರು. ನಾನು ಹೊರಟೆ. ಹೊಳೆಯ ಕಡೆಯಿಂದ ಮಂಜು ಬಂದಿತ್ತು, ರಸ್ತೆಯಲ್ಲಿ ಯಾರೂ ಇರಲಿಲ್ಲ. ಅಂಕಲಿ ಬರುವವರೆಗೂ ಪಕ್ಕದ ಸೀಟು ಖಾಲಿ ಇರುವುದು ನನಗೆ ಎಷ್ಟು ಹಿತವಾಗಿತ್ತೆಂದರೆ, ಅವರಿಗೆ ಅದು ಎಂದೂ ಗೊತ್ತಾಗದಿರಲಿ ಎಂದು ಬೇಡಿಕೊಂಡೆ.